ಸೈಗಾನಿನಲ್ಲಿ ಎಳ್ಳುಬೆಲ್ಲ

ರಜ ಬಂದರೆ ನೆಂಟರ ಮನೆಗೆ ಹೋಗುವುದು ಲೋಕರೂಢಿ. ಆದರೆ ಲೋಕದಲ್ಲಿ ಎರಡು ಬಗೆಯ ಮನೆಗಳುಂಟು: ನೆಂಟರ ಮನೆಗೆ ಹೊರಡುವವರ ಮನೆ ಒಂದು, ನೆಂಟರು ಬಂದು ಇಳಿಯುವ ಮನೆ ಇನ್ನೊಂದು. ನಮ್ಮದು ಎರಡನೆಯ ಬಗೆಯದು. ತಾಂಡ್ಯ ಇರುವುದು ಮೈಸೂರಿನಿಂದ ನಂಜನಗೂಡಿಗೆ ಹೋಗುವ ದಾರಿಯ ಮಗ್ಗುಲಲ್ಲಿ. ನಂಜುಂಡೇಶ್ವರನ ದೊಡ್ಡ ಜಾತ್ರೆಗೆ ಹೊರಟವರು, ಮುಡಿ ಕೊಡಲು ಹೊರಟವರು, ಕಪಿಲೆಯಲ್ಲಿ ಮಿಂದು ಬರಲು ಹೊರಟವರು, ಎಲ್ಲರಿಗೂ ನಮ್ಮ ಜಗುಲಿಯೇ ತಂಗುದಾಣ. ಬೇಸಗೆಯಲ್ಲಿ ಅತ್ತೆಯ ಮಕ್ಕಳೂ ದೊಡ್ಡಮ್ಮನ ಮಕ್ಕಳೂ ಬಂದು ತುಂಬಿಕೊಂಡರೆ ನಾನು ಅವರಿಗೆ ಚಾಪೆ ಬಿಟ್ಟುಕೊಟ್ಟು ಗೋಣಿತಾಟಿನ ಮೇಲೆ ಮಲಗುತ್ತಿದ್ದೆ. ಮುಂದೆ ಮೇಷ್ಟ್ರಾದೆ, ಸಂಸಾರಿಯಾದೆ. ಚಾಪೆ ಬಿಟ್ಟುಕೊಡುವ ಕೆಲಸ ತಪ್ಪಲಿಲ್ಲ. ಹೀಗಾಗಿ ರಜಕ್ಕೆಂದು ನೆಂಟರ ಮನೆಗೆ ಹೋಗುವ ಯೋಗ ನನಗೆ ಮೊಟ್ಟಮೊದಲು ಒದಗಿದ್ದು ಎಪ್ಪತ್ತೆರಡನೆಯ ವಯಸ್ಸಿನಲ್ಲಿ, ೨೦೨೫ರ ಜನವರಿಯಲ್ಲಿ. ಹೋದದ್ದು ಮೈಸೂರಿಗಲ್ಲ, ಬೆಂಗಳೂರಿಗೂ ಅಲ್ಲ, ವಿಯೆಟ್ನಾಮಿನ ಸೈಗಾನಿಗೆ.

ಸೈಗಾನ್ ಎಂಬುದು ನನ್ನ ವಯಸ್ಸಿನವರಿಗೆ ಊರಿನ ಹೆಸರಲ್ಲ, ರೇಡಿಯೋ ವಾರ್ತೆಯ ಒಂದು ಶಬ್ದ. ಅದನ್ನು ಕೇಳಿದರೆ ಬಾಂಬಿನ ನೆನಪೇ ಬರುತ್ತಿತ್ತು. ೧೯೭೫ರ ಏಪ್ರಿಲ್ ೩೦ರಂದು ಯುದ್ಧ ಮುಗಿಯಿತು. ಮರುವರ್ಷ ಊರಿಗೆ ಹೊ ಚಿ ಮಿನ್ಹ್ ನಗರವೆಂದು ನಾಮಕರಣವಾಯಿತು. ಕಾಗದಪತ್ರಗಳಲ್ಲಿ ಅದೇ ಹೆಸರು. ಜನರ ಬಾಯಲ್ಲಿ ಮಾತ್ರ ಇಂದಿಗೂ ಸೈಗಾನೇ. ನಮ್ಮಲ್ಲಿಯೂ ದಾಖಲೆಯ ಹೆಸರೊಂದು, ಬಸ್ಸಿನ ಕಂಡಕ್ಟರು ಕೂಗುವ ಹೆಸರೊಂದು ಇರುವುದಿಲ್ಲವೆ?

ಅಲ್ಲಿರುವುದು ನನ್ನ ಅಕ್ಕನ ಮಗಳು. ಅಕ್ಕನನ್ನು ಕೊಟ್ಟದ್ದು ತಿರುಮಕೂಡಲು ನರಸೀಪುರಕ್ಕೆ. ಗಂಡ ತೀರಿಕೊಂಡ ಮೇಲೆ ಎರಡು ವರ್ಷದ ಕೂಸನ್ನು ಸೊಂಟದ ಮೇಲೆ ಹೊತ್ತು ತಾಂಡ್ಯಕ್ಕೆ ಬಂದವಳು ಮತ್ತೆ ಹೋಗಲಿಲ್ಲ. ಕೂಸು ನಮ್ಮ ಮನೆಯಲ್ಲೇ ಬೆಳೆಯಿತು, ನನ್ನ ಶಾಲೆಯಲ್ಲೇ ಅಕ್ಷರ ಕಲಿಯಿತು. ನಮ್ಮ ಗದ್ದೆ ಹೊಲಗಳ ಕಡೆ ಕಾರ್ಖಾನೆಗಳು ಎದ್ದ ಮೇಲೆ, ಅಲ್ಲಿಯ ಒಂದು ಬಟ್ಟೆ ಗಿರಣಿಯಲ್ಲಿ ಕೆಲಸಕ್ಕಿದ್ದ ಹುಡುಗನಿಗೆ ಅವಳನ್ನು ಕೊಟ್ಟೆವು. ಅಳಿಯ ಕಣ್ಣೆದುರಿಗೇ ಇರುತ್ತಾನೆಂಬ ಲೆಕ್ಕ ನಮ್ಮದು. ಗಿರಣಿ ಮುಚ್ಚಿತು. ಸೈಗಾನಿನ ಸಿದ್ಧ ಉಡುಪಿನ ಕಾರ್ಖಾನೆಯೊಂದು ಕರೆಯಿತು, ಹೋದರು.

‘ಒಂದು ಸಲ ಬಾಮ್ಮ’ ಎಂದು ಮಗಳು ಕರೆದಾಗಲೆಲ್ಲ ಅಕ್ಕ ‘ಬರೋ ವರ್ಷ’ ಎನ್ನುತ್ತಿದ್ದಳು. ೨೦೨೦ರ ಮಾರ್ಚಿನಲ್ಲಿ ಕೊರೋನಾ ಬಂದು ಆ ದೇಶ ಹೊರಗಿನವರಿಗೆ ಬಾಗಿಲು ಹಾಕಿತು. ೨೦೨೧ರಲ್ಲಿ ಅಕ್ಕ ತೀರಿಕೊಂಡಳು. ಕಪಿಲೆಯ ದಡದಲ್ಲಿ ನಾನು ನಡೆಸಿದ ಕ್ರಿಯೆಯನ್ನು ಮಗಳು ಫೋನಿನಲ್ಲಿ ನೋಡಿದಳು; ನಡುನಡುವೆ ಚಿತ್ರ ನಿಂತುಹೋಗುತ್ತಿತ್ತು. ೨೦೨೨ರ ಮಾರ್ಚ್ ೧೫ರಂದು ಬಾಗಿಲು ತೆರೆದ ಮೇಲೂ ಅವಳು ಬರಲಿಲ್ಲ. ಬರಲಾಗಲಿಲ್ಲವೋ, ತಾಯಿಯಿಲ್ಲದ ಮನೆಯ ಹೊಸ್ತಿಲು ದಾಟುವುದಕ್ಕೆ ಮನಸ್ಸು ಬರಲಿಲ್ಲವೋ, ನಾನು ಕೇಳಿಲ್ಲ. ಮೂರು ವರ್ಷ ಕಳೆದ ಮೇಲೆ ಒಂದು ದಿನ ನಮ್ಮಿಬ್ಬರಿಗೂ ಟಿಕೀಟು ಬಂತು.

ನನ್ನಾಕೆ ಮೊದಲು ಎತ್ತಿದ ಪ್ರಶ್ನೆ ಮಡಿಲಕ್ಕಿಯದು. ತವರಿನವರು ಬರಿಗೈಯಲ್ಲಿ ಹೋಗಲಾದೀತೆ? ಎರಡು ಸೇರು ಅಕ್ಕಿ ಕಟ್ಟಿಕೊಳ್ಳುತ್ತೇನೆಂದಳು. ಫೋನಿನ ಆ ಕಡೆಯಿಂದ ಹುಡುಗಿ ನಕ್ಕಳು: “ಅತ್ತೆ, ಜಗತ್ತಿಗೆಲ್ಲ ಅಕ್ಕಿ ಮಾರುವವರ ದೇಶಕ್ಕೆ ನೀವು ಅಕ್ಕಿ ತರುತ್ತೀರಾ?” ಅಕ್ಕಿ ಇಳಿಯಿತು. ಸಂಕ್ರಾಂತಿ ಹತ್ತಿರವಾದ್ದರಿಂದ ಎಳ್ಳುಬೆಲ್ಲದ ಸಾಮಾನು, ಸಕ್ಕರೆ ಅಚ್ಚು, ಅರಿಶಿನ ಕುಂಕುಮ, ರವಿಕೆ ಕಣ, ನಂಜನಗೂಡಿನ ಹಲ್ಲುಪುಡಿ, ಮಗುವಿಗೊಂದು ರೇಷ್ಮೆಲಂಗ ಪೆಟ್ಟಿಗೆ ಸೇರಿದವು. ಪೆಟ್ಟಿಗೆಯ ನಡುವೆ, ಲಂಗದಲ್ಲಿ ಸುತ್ತಿ, ಅಕ್ಕನ ಹಿತ್ತಾಳೆಯ ಕಾಫಿ ಫಿಲ್ಟರನ್ನು ಇಟ್ಟೆ. ಅದರ ಮೈಮೇಲೆ ಅಕ್ಕನ ಹೆಸರಿನ ಮೊದಲಕ್ಷರ, ಪಕ್ಕದಲ್ಲಿ ಊರು. ಪಾತ್ರೆ ಅಂಗಡಿಯಲ್ಲಿ ಹೆಸರು ಕೊರೆದವನು ಸೊನ್ನೆ ಬಿಟ್ಟುಬಿಟ್ಟು ‘ತಾಡ್ಯ’ ಎಂದು ಕೊರೆದಿದ್ದ. ಕಾಫಿ ಸೋಸುವಾಗೆಲ್ಲ ಅಕ್ಕ ಅವನಿಗೊಂದು ಬೈಗುಳ ಸಲ್ಲಿಸುತ್ತಿದ್ದಳು. ಅದು ಡಿಕಾಕ್ಷನ್ ಇಳಿಯುವುದಕ್ಕೆ ಬೇಕಾದ ಮಂತ್ರವೇ ಇರಬೇಕೆಂದು ಚಿಕ್ಕಂದಿನಲ್ಲಿ ಮಗಳು ನಂಬಿದ್ದಳು.

ಕೌಲಾಲಂಪುರದಲ್ಲಿ ವಿಮಾನ ಬದಲಿಸಿ ಸೈಗಾನಿನಲ್ಲಿ ಇಳಿದೆವು. ಇಳಿದ ಮೇಲೆ ಕಂಡದ್ದು ಮೋಟಾರ್ ಸೈಕಲ್. ಮೈಸೂರಿನಲ್ಲಿ ಜಂಬೂಸವಾರಿಯ ದಿನ ಸಯ್ಯಾಜಿರಾವ್ ರಸ್ತೆಯಲ್ಲಿ ಸೇರುವ ಜನರೆಲ್ಲ ಒಂದೊಂದು ಮೋಟಾರ್ ಸೈಕಲ್ ಏರಿ ನಾಲ್ಕೂ ದಿಕ್ಕಿಗೆ ಹೊರಟರೆ ಹೇಗೋ ಹಾಗೆ. ಆ ಒಂದು ನಗರದಲ್ಲಿ ಅವುಗಳ ಸಂಖ್ಯೆ ೭೦ ಲಕ್ಷವನ್ನು ಮೀರಿದೆ. ಒಂದರ ಮೇಲೆ ಗಂಡ, ಹೆಂಡತಿ, ಎರಡು ಮಕ್ಕಳು. ಇನ್ನೊಂದರ ಮೇಲೆ ಬೀರು. ಮತ್ತೊಂದರ ಮೇಲೆ ಹೂಬಿಟ್ಟ ಗಿಡ, ಕುಂಡದ ಸಮೇತ. ಆ ಜನವರಿ ಒಂದರಿಂದ ಸರ್ಕಾರ ದಂಡವನ್ನು ಏರಿಸಿತ್ತು: ಕೆಂಪು ದೀಪ ದಾಟಿದರೂ ಕಾಲುದಾರಿಯ ಮೇಲೆ ಏರಿದರೂ ೪೦ ಲಕ್ಷದಿಂದ ೬೦ ಲಕ್ಷ ಡಾಂಗ್. ಲಕ್ಷವೆಂದು ಗಾಬರಿಯಾಗಬೇಡಿ; ನಮ್ಮ ದುಡ್ಡಿನಲ್ಲಿ ಹದಿಮೂರು ಸಾವಿರದಿಂದ ಇಪ್ಪತ್ತು ಸಾವಿರ ರೂಪಾಯಿ. ಗಾಬರಿ ಅದಕ್ಕೂ ಆಗತಕ್ಕದ್ದೇ.

ರಸ್ತೆ ದಾಟಿಸುವ ಕೆಲಸ ಒಂಬತ್ತು ವರ್ಷದ ಮೊಮ್ಮಗಳದು. “ತಾತ, ಓಡಬೇಡ. ನಿಲ್ಲಲೂ ಬೇಡ. ಸುಮ್ಮನೆ ನಡಿ,” ಎಂದು ಕೈ ಹಿಡಿದುಕೊಂಡಳು. ನಡೆದೆ. ಹೊಳೆಯ ನೀರು ಬಂಡೆಯನ್ನು ಬಳಸಿ ಹೋಗುವಂತೆ ಅಷ್ಟೂ ಗಾಡಿಗಳು ನಮ್ಮನ್ನು ಬಳಸಿಕೊಂಡು ಹೋದವು. ಹೀಗೆ ಕೈಹಿಡಿದು ನಾನು ನೂರಾರು ಮಕ್ಕಳನ್ನು ನಮ್ಮೂರ ಹೆದ್ದಾರಿ ದಾಟಿಸಿದ್ದೇನೆ. ನನ್ನ ಕೈಯನ್ನು ಇನ್ನೊಬ್ಬರು ಹಿಡಿದದ್ದು ಅದೇ ಮೊದಲು.

ಮನೆ ಬಿನ್ ಥಾನ್ ಎಂಬ ಭಾಗದ ಒಂದು ಗಲ್ಲಿಯಲ್ಲಿ. ಅಗಲ ಹನ್ನೆರಡು ಅಡಿಯಿದ್ದರೆ ಹೆಚ್ಚು. ಉದ್ದ ರೈಲುಗಾಡಿಯಂತೆ ಹೋಗುತ್ತದೆ, ಸಾಲದ್ದಕ್ಕೆ ಮೇಲಕ್ಕೆ ಮೂರು ಮಜಲು. ಮೊದಲ ಬೆಳಗ್ಗೆ ಅಡಿಗೆಮನೆಯಲ್ಲಿ ಫಿಲ್ಟರನ್ನು ಹುಡುಗಿಯ ಮುಂದಿಟ್ಟೆ. ಅವಳು ಅಳಲಿಲ್ಲ. ಮುಚ್ಚಳ ತೆಗೆದು ಮೂಗಿನ ಹತ್ತಿರ ಹಿಡಿದಳು. “ತೊಳೆದುಬಿಟ್ಟಿದ್ದೀರಿ,” ಎಂದಷ್ಟೇ ಹೇಳಿ ಒಲೆಯ ಪಕ್ಕದ ಹಲಗೆಯ ಮೇಲೆ ಇಟ್ಟಳು. ಅಲ್ಲಿ ಆಗಲೇ ಆ ದೇಶದ ಫಿಲ್ಟರೊಂದಿತ್ತು, ‘ಫಿನ್’ ಎನ್ನುತ್ತಾರೆ. ಲೋಟದ ಮೇಲೆ ಕೂರುವ ಸಣ್ಣ ತಗಡಿನ ಟೋಪಿ, ನಮ್ಮ ಫಿಲ್ಟರಿನ ಮೇಲಿನ ಅರ್ಧ ಮಾತ್ರ. ಬ್ರೆಜಿಲ್ ಬಿಟ್ಟರೆ ಪ್ರಪಂಚದಲ್ಲಿ ಹೆಚ್ಚು ಕಾಫಿ ಬೆಳೆಯುವುದು ಈ ವಿಯೆಟ್ನಾಮೇ, ಬಹುಪಾಲು ರೊಬಸ್ಟಾ. ಹಸುವಿನ ಹಾಲು ದುರ್ಲಭವಾಗಿದ್ದ ಕಾಲದಲ್ಲಿ ಫ್ರೆಂಚರು ರೂಢಿ ಮಾಡಿದ ಡಬ್ಬಿಯ ಗಟ್ಟಿಹಾಲನ್ನು ಅದಕ್ಕೆ ಬೆರೆಸಿ, ಮೇಲೆ ಮಂಜುಗಡ್ಡೆ ಹಾಕುತ್ತಾರೆ. ನನ್ನಾಕೆ ಒಂದು ಗುಟುಕು ಕುಡಿದು, “ಪಾಯಸ ಚೆನ್ನಾಗಿದೆ; ಇನ್ನು ಕಾಫಿ ಕೊಡು,” ಎಂದಳು. ಅಕ್ಕನ ಫಿಲ್ಟರಿಗೆ ಅಂದು ಕೆಲಸ ಬೀಳಲಿಲ್ಲ; ಹಲಗೆಯ ಮೇಲೆ ಪೂಜೆಯ ಪಾತ್ರೆಯಂತೆ ಕುಳಿತಿತ್ತು.

ಗಲ್ಲಿಯ ಬಾಯಲ್ಲಿ ಒಬ್ಬ ಹೆಂಗಸು ಕಾಫಿ ಮಾರುತ್ತಾಳೆ. ಅರವತ್ತರ ಆಸುಪಾಸು, ಹೂಹೂವಿನ ಷರಾಯಿ ಅಂಗಿ. ನಮ್ಮನ್ನು ಕಂಡವಳೇ ನನ್ನಾಕೆಯತ್ತ ತಿರುಗಿ ನಗುನಗುತ್ತಾ ‘ಛೀ! ಛೀ!’ ಎಂದಳು. ನನ್ನಾಕೆ ಮುಖ ಸಪ್ಪೆ ಮಾಡಿಕೊಂಡಳು. ‘ಚಿ’ ಎಂದರೆ ಅವರಲ್ಲಿ ಅಕ್ಕ ಎಂದರ್ಥ. ಆಮೇಲೆ ಆಕೆ ನನ್ನನ್ನು, ನೀವು ಮನೆಗೆ ಎಷ್ಟನೆಯ ಮಗ ಎಂದು ಕೇಳಿದಳು. ಮೂರನೆಯವನೆಂದೆ. ಹಾಗಾದರೆ ನೀವು ‘ತು’ ಎಂದಳು, ನಾಲ್ಕು ಎಂದರ್ಥ. ದಕ್ಷಿಣ ವಿಯೆಟ್ನಾಮಿನಲ್ಲಿ ಹಿರಿಯ ಮಗುವನ್ನು ಒಂದು ಎಂದು ಕರೆಯದೆ ಎರಡು ಎಂದೇ ಎಣಿಕೆ ಮೊದಲು ಮಾಡುತ್ತಾರೆ. ಹಾಗಾಗಿ ಮೂರನೆಯವನು ನಾಲ್ಕಾಗುತ್ತಾನೆ. ಆಕೆ ಆರನೆಯವಳು, ಗಲ್ಲಿಗೆಲ್ಲ ಆಕೆ ‘ಬಯ್’, ಅಂದರೆ ಏಳು. ಹೀಗೆ ನೆಂಟರ ಊರಿನಲ್ಲಿ ಮೊದಲ ದಿನವೇ ನನ್ನಾಕೆ ‘ಛೀ’ ಎನ್ನಿಸಿಕೊಂಡಳು, ನಾನು ‘ತೂ’ ಎನ್ನಿಸಿಕೊಂಡೆ.

ಜನವರಿ ೧೪, ಸಂಕ್ರಾಂತಿ. ನನ್ನಾಕೆ ಎಳ್ಳು, ಬೆಲ್ಲ, ಕೊಬ್ಬರಿ, ಕಡಲೆಬೀಜ, ಹುರಿಗಡಲೆ ಬೆರೆಸಿ ಪೊಟ್ಟಣ ಕಟ್ಟಿದಳು. ಕಬ್ಬಿನ ಹಾಲಿನ ಗಾಡಿಯವನಿಂದ ಎರಡು ಜಲ್ಲೆ ಕೊಂಡು ತುಂಡು ಮಾಡಿಸಿದೆವು. ಬಾಳೆಹಣ್ಣು ಮಾರುಕಟ್ಟೆಯಿಂದ ಬಂತು. ಬಂದ ಅಕ್ಕಿಯಲ್ಲಿ ಹುಡುಗಿಗೆ ಮಡಿಲು ತುಂಬಿಯೂ ಆಯಿತು. ಮಗು ರೇಷ್ಮೆಲಂಗ ಉಟ್ಟು ತಟ್ಟೆ ಹಿಡಿದು ಗಲ್ಲಿಯ ಹನ್ನೆರಡು ಮನೆಗೆ ಎಳ್ಳು ಬೀರಲು ಹೊರಟಿತು. ಪೊಟ್ಟಣದ ಚೀಲ ಹೊತ್ತು ನಾನು ಹಿಂದೆ.

ಆ ಮಗುವಿನ ಕನ್ನಡದ ವಿಷಯ ಹೇಳಬೇಕು. ಮನೆಯಲ್ಲಿ ಆಡಿದ್ದು ಅರ್ಥವಾಗುತ್ತದೆ, ಪುಟ್ಟ ಪುಟ್ಟ ಮಾತು ಬರುತ್ತದೆ, ಓದಲು ಬರದು. ಶಾಲೆಯಲ್ಲಿ ಇಂಗ್ಲಿಷು, ಗಲ್ಲಿಯಲ್ಲಿ ವಿಯೆಟ್ನಾಮೀ. ಗಲ್ಲಿಯ ಭಾಷೆ ಅವಳಿಗೆ ನಾಲಗೆಯ ತುದಿಯಲ್ಲಿತ್ತು. ಒಂದೊಂದು ಬಾಗಿಲಲ್ಲೂ ಅವಳು ಒಂದೊಂದು ಸಂಬೋಧನೆ ಹೇಳುವುದನ್ನು ಕೇಳಿ ಬೆರಗಾದೆ. ಅಪ್ಪನಿಗಿಂತ ಹಿರಿಯನಾದರೆ ‘ಬಾಕ್’, ದೊಡ್ಡಪ್ಪ. ಕಿರಿಯನಾದರೆ ‘ಚೂ’, ಚಿಕ್ಕಪ್ಪ. ಅಪ್ಪನ ತಂಗಿಯ ಲೆಕ್ಕದವಳು ‘ಕೋ’, ಅಮ್ಮನ ತಂಗಿಯ ಲೆಕ್ಕದವಳು ‘ಯೀ’. ಮುದುಕಿ ‘ಬಾ’, ಮುದುಕ ‘ಓಂಗ್’. ಎಲ್ಲರಿಗೂ ಹಂಚಿಬಿಡಬಹುದಾದ ಒಂದು ‘ನೀವು’ ಅವರ ದಿನಬಳಕೆಯಲ್ಲಿಲ್ಲ. ಎದುರಿಗಿರುವವರು ನಿಮಗೆ ಏನಾಗಬೇಕೆಂದು ಮೊದಲು ತೀರ್ಮಾನಿಸದೆ ಬಾಯೇ ಬಿಡುವ ಹಾಗಿಲ್ಲ. ‘ನಾನು’ ಎಂಬುದಕ್ಕೂ ಅದೇ ನಿಯಮ. ಕಾಫಿಯ ಹೆಂಗಸಿನೊಡನೆ ಮಾತಾಡುವಾಗ ನಮ್ಮ ಹುಡುಗಿ ತನ್ನನ್ನು ‘ಕೊನ್’ ಎಂದುಕೊಳ್ಳುತ್ತಿದ್ದಳು. ಅದು ಮಗು ಎಂಬರ್ಥದ ಶಬ್ದ. ನಲವತ್ತು ದಾಟಿದ, ತಾಯಿಯಿಲ್ಲದ ಹೆಣ್ಣು ದಿನಕ್ಕೆ ಹತ್ತು ಸಲ ಆ ಹೆಂಗಸಿನ ಮುಂದೆ ‘ಮಗುವಿಗೆ ಎರಡು ಕಾಫಿ ಕೊಡು’, ‘ಮಗು ಹೋಗಿ ಬರುತ್ತೆ’ ಎನ್ನುತ್ತಿದ್ದಳು.

ಕಾಫಿಯಂಗಡಿಗೆ ಬಂದೆವು. ಬಯ್ ಅಜ್ಜಿ ಎಳ್ಳುಬೆಲ್ಲ ಬಾಯಿಗೆ ಹಾಕಿಕೊಂಡು, ನನ್ನತ್ತ ಕೈ ತೋರಿಸಿ, ಇವರು ನಿನಗೆ ಏನಾಗಬೇಕು ಎಂದು ಕೇಳಿದಳು. ಮಗು ‘ಓಂಗ್’ ಎಂದಿತು. ಅಷ್ಟಕ್ಕೆ ಬಿಡುವವಳೆ ಆಕೆ? ಯಾವ ಓಂಗ್? ಒಳಗಿನವರೋ, ಹೊರಗಿನವರೋ? ತಂದೆಯ ಕಡೆಯವರು ‘ನೋಯ್’, ಒಳಗಿನವರು. ತಾಯಿಯ ಕಡೆಯವರು ‘ಙ್ವಾಯ್’, ಹೊರಗಿನವರು. (ಈ ವಿಂಗಡಣೆ ನನಗೆ ರುಚಿಸಲಿಲ್ಲ. ಆದರೆ ‘ಕೊಟ್ಟ ಹೆಣ್ಣು ಕುಲಕ್ಕೆ ಹೊರಗು’ ಎನ್ನುವ ನಮಗೆ ಅದನ್ನು ಹಳಿಯುವ ಬಾಯಿ ಎಲ್ಲಿದೆ?) ಮಗು ನನ್ನತ್ತ ತಿರುಗಿತು. “ತಾತ, ನೀನು ಯಾರು?”

“ನಿನ್ನ ಅಜ್ಜಿಯ ತಮ್ಮ.”

“ಯಾವ ಅಜ್ಜಿ?”

“ಗೋಡೆ ಮೇಲಿನ ಪಟದಲ್ಲಿ ಇದ್ದಾಳಲ್ಲ, ಆ ಅಜ್ಜಿ.”

ಮಗು ತಟ್ಟೆ ಹಿಡಿದುಕೊಂಡೇ ಲೆಕ್ಕ ಹಾಕಿತು. ಆಮೇಲೆ ಆ ಹೆಂಗಸಿಗೆ ‘ಓಂಗ್ ಕೌ’ ಎಂದು ಉತ್ತರ ಹೇಳಿತು. ‘ಕೌ’ ಎಂದರೆ ತಾಯಿಯ ಸೋದರ, ನಮ್ಮ ಸೋದರಮಾವ. ಓಂಗ್ ಕೌ ಎಂದರೆ ಅಜ್ಜನ ಸಾಲಿನ ಸೋದರಮಾವ. ಅಜ್ಜಿಯ ತಮ್ಮನಿಗೆ ಸಲ್ಲುವ ಹೆಸರು. ಇಂಗ್ಲಿಷಿನ ‘ಅಂಕಲ್’ ಎಂಬ ಗೋಣಿಚೀಲದಲ್ಲಿ ದೊಡ್ಡಪ್ಪ, ಚಿಕ್ಕಪ್ಪ, ಸೋದರಮಾವ, ಹಾಲಿನವನು ಎಲ್ಲರೂ ಬಿದ್ದಿರುತ್ತಾರೆ. ಅದನ್ನು ಜರೆಯುವ ಮೊದಲು ನಮ್ಮ ‘ತಾತ’ನನ್ನೂ ನೋಡಬೇಕು. ನನ್ನನ್ನೂ ತಾತ ಎನ್ನುತ್ತೇವೆ, ದಾರಿಹೋಕ ಮುದುಕನನ್ನೂ ತಾತ ಎನ್ನುತ್ತೇವೆ. ಫೋನಿನಲ್ಲಿ ಕಾಣುವ ಮುದುಕರಿಗೆಲ್ಲ ಅದೇ ಹೆಸರೆಂದು ಆ ಮಗು ತಿಳಿದಿದ್ದರೆ ತಪ್ಪೇನು? ಗೋಡೆಯ ಪಟಕ್ಕೂ ನನಗೂ ಒಡಹುಟ್ಟೆಂಬುದು ಅದಕ್ಕೆ ಗೊತ್ತಾದದ್ದು ಬಯ್ ಅಜ್ಜಿಯ ಭಾಷೆ ಬಿಡದೆ ಕೇಳಿದ್ದರಿಂದ. ಮನೆಗೆ ಬರುವ ದಾರಿಯಲ್ಲಿ ನಾಲ್ಕು ಸಲ ನನ್ನ ಮುಖ ನೋಡಿ, “ಅದಕ್ಕೇ ಮೂಗು ಒಂದೇ ಥರ,” ಎಂದಿತು.

ಅಂದಿನಿಂದ ಅದು ನನ್ನನ್ನು ಬಿಡಲಿಲ್ಲ. ನಾನೂ ಮೇಷ್ಟರ ಬುದ್ಧಿ ಬಿಡಲಿಲ್ಲ. ಹೊಸ ವರ್ಷದ ರಜದಲ್ಲಿ ಕನ್ನಡ ಅಕ್ಷರ ಕಲಿಸಲು ಕುಳಿತೆ. ಮೂವತ್ತೈದು ವರ್ಷದ ಪಾಠದಲ್ಲಿ ನನ್ನನ್ನು ಸೋಲಿಸಿದ್ದು ಎರಡೇ ಅಕ್ಷರ. ಕ ಕಮಲ, ಖ ಖಡ್ಗ, ಗ ಗರಗಸ, ಘ ಘಂಟೆ. ‘ಮೇಷ್ಟ್ರೇ, ಙ ಏನು?’ ಎಂದರೆ ಹೇಳುವುದಕ್ಕೆ ಏನೂ ಇಲ್ಲ. ಙ, ಞ ಎರಡೂ ನಮ್ಮ ವರ್ಣಮಾಲೆಯಲ್ಲಿ ಕೆಲಸವಿಲ್ಲದೆ ಸಂಬಳ ತಿನ್ನುವ ಗುಮಾಸ್ತರು. ಸೈಗಾನಿನಲ್ಲಿ ಅವಕ್ಕೆ ಕೈತುಂಬ ಉದ್ಯೋಗ! ‘ಙ್ವಾಯ್’ ಸರಿಯಷ್ಟೆ; ‘ಙಿ’ ಎಂದರೆ ರಜ; ‘ಞಾ’ ಎಂದರೆ ಮನೆ. ಬರಿಯ ‘ಞ’ವನ್ನೇ ದನಿ ಏರಿಸಿ ಎಳೆದರೆ ನೆನಪಾಗುವುದು ಎಂಬರ್ಥ, ದೂರವಿರುವವರಿಗಾಗಿ ಮನಸ್ಸು ಹಂಬಲಿಸುವುದಕ್ಕೂ ಅದೇ ಮಾತು. ಯಾವ ಮಕ್ಕಳಿಗೂ ಬರೆಯಿಸಲಾಗದ ಆ ಎರಡನ್ನು ಈ ಮಗು ಮೊದಲ ದಿನವೇ ಬರೆಯಿತು. ಕ ಬಂದದ್ದು ಆಮೇಲೆ.

ನೋಡಿದ ಸ್ಥಳಗಳ ಪಟ್ಟಿ ಕೊಟ್ಟು ದಣಿಸುವುದಿಲ್ಲ. ೧೮೯೧ರಲ್ಲಿ ಮುಗಿದ ಅಂಚೆ ಕಚೇರಿ ಅರಮನೆಯಂತಿದೆ. ೨೦೨೪ರ ಡಿಸೆಂಬರ್ ೨೨ರಂದು ಹೊರಟ ಮೆಟ್ರೋ ರೈಲಿನಲ್ಲಿ ಮೊದಲ ತಿಂಗಳು ಟಿಕೀಟಿಲ್ಲ. ಊರಿಗೆ ಊರೇ ಅದರೊಳಗಿತ್ತು, ನಾವೂ ಇದ್ದೆವು. ಬೆನ್ ಥಾನ್ ಮಾರುಕಟ್ಟೆಯ ಹತ್ತಿರ ಹಿಂದೆ ತಮಿಳರು ಕಟ್ಟಿಸಿದ ಮಾರಿಯಮ್ಮನ ಗುಡಿಯಿದೆ. ‘ಇಂಡಿಯಾದ ಅಮ್ಮನ ಗುಡಿ’ ಎಂದು ವಿಯೆಟ್ನಾಮಿನವರೇ ಹೆಚ್ಚಾಗಿ ಬಂದು, ಗೋಡೆಯ ಕಲ್ಲಿಗೆ ಹಣೆಯೊತ್ತಿ ಪಿಸುಮಾತಿನಲ್ಲಿ ಕಷ್ಟ ಹೇಳಿಕೊಳ್ಳುತ್ತಾರೆ. ನನ್ನಾಕೆಯೂ ಹಣೆಯೊತ್ತಿ ಏನೋ ಹೇಳಿಕೊಂಡಳು. ಯಾವ ಭಾಷೆಯಲ್ಲಿ ಹೇಳಿದರೂ ಆಕೆಗೆ ತಿಳಿಯುತ್ತದೆಂಬ ಭರವಸೆ ಅಲ್ಲಿದ್ದವರೆಲ್ಲರ ಮುಖದಲ್ಲೂ ಇತ್ತು.

ಜನವರಿ ೨೯ ಅವರ ಹೊಸ ವರ್ಷ, ‘ತೇತ್’. ಅದಕ್ಕೆ ವಾರವಿರುವಾಗ ಬಯ್ ಅಜ್ಜಿ ಪಿತೃಗಳ ಪೀಠದ ಮುಂದೆ ಹಣ್ಣಿನ ತಟ್ಟೆ ಜೋಡಿಸುತ್ತಿದ್ದಳು. ನನ್ನಾಕೆ ಅಭಿಮಾನದಿಂದ ಒಂದು ಚಿಪ್ಪು ಬಾಳೆಹಣ್ಣು ಒಯ್ದಳು, ರಸಬಾಳೆಯ ಸೀಮೆಯವಳಲ್ಲವೆ? ಅಜ್ಜಿ ಎರಡೂ ಕೈಯಲ್ಲಿ ಹಣ್ಣು ಇಸಿದುಕೊಂಡು, ತಟ್ಟೆಯಲ್ಲಿಡದೆ ಅಡಿಗೆಮನೆಗೆ ಸಾಗಿಸಿದಳು. ಉತ್ತರದ ಹನೋಯಿಯ ಕಡೆ ಆ ತಟ್ಟೆಗೆ ಬಾಳೆಯ ಚಿಪ್ಪೇ ಆಧಾರ, ದಕ್ಷಿಣದಲ್ಲಿ ನಿಷಿದ್ಧ. ದಕ್ಷಿಣದವರ ಉಚ್ಚಾರದಲ್ಲಿ ಬಾಳೆಯ ಹೆಸರು ಮುಗ್ಗರಿಸಿ ಬೀಳುವುದು ಎಂಬ ಶಬ್ದದಂತೆ ಕೇಳುತ್ತದೆ. ಅವರು ಇಡುವುದು ಸೀತಾಫಲದ ಜಾತಿಯ ಹಣ್ಣು, ತೆಂಗಿನಕಾಯಿ, ಪರಂಗಿ, ಮಾವು. ಆ ಹೆಸರುಗಳನ್ನು ಸಾಲಾಗಿ ಹೇಳಿದರೆ ‘ಖರ್ಚಿಗೆ ಸಾಕಾಗುವಷ್ಟು ಕೊಡು’ ಎಂಬ ಪ್ರಾರ್ಥನೆಯ ಧ್ವನಿ. ಕೋಟಿ ಕೊಡೆಂದು ಕೇಳದೆ ಖರ್ಚಿಗೆ ಸಾಲುವಷ್ಟು ಕೇಳುವ ಜನವನ್ನು ನಾನು ಮೆಚ್ಚಿಕೊಂಡೆ. ನನ್ನಾಕೆಗೆ ಮಾತ್ರ ಬಾಳೆಹಣ್ಣಿಲ್ಲದ ಪೂಜೆ ಕೊನೆಗೂ ಒಗ್ಗಲಿಲ್ಲ.

ಹಬ್ಬ ಹತ್ತಿರವಾದಂತೆ ಊರು ಖಾಲಿಯಾಗತೊಡಗಿತು. ಆ ಜನಸಾಗರದ ದೊಡ್ಡದೊಂದು ಪಾಲು ಬೇರೆ ಬೇರೆ ಊರುಗಳಿಂದ ಹೊಟ್ಟೆಪಾಡಿಗೆ ಬಂದದ್ದು. ತೇತ್ ಎಂದರೆ ಎಲ್ಲರೂ ಮೂಟೆ ಕಟ್ಟಿಕೊಂಡು ಹುಟ್ಟೂರಿಗೆ ಹೊರಡುತ್ತಾರೆ. ಹುಟ್ಟೂರಿಗೆ ಅವರ ಮಾತು ‘ಕ್ವೇ’. ಬಯ್ ಅಜ್ಜಿಯೂ ಅಂಗಡಿಗೆ ಬೀಗ ಹಾಕಿ ತೆಂಗಿನ ಸೀಮೆಯಾದ ಬೆನ್ ತ್ರೇಗೆ ಹೊರಟಳು. ಹೊರಡುವಾಗ ಮಗುವನ್ನು, ನಿನ್ನ ಕ್ವೇ ಯಾವುದು ಎಂದಳು. ಮಗು ಸೈಗಾನ್ ಎಂದಿತು. ಅದು ನೀನು ಇರುವ ಊರು, ನಾನು ಕೇಳಿದ್ದು ಕ್ವೇ ಎಂದಳು ಅಜ್ಜಿ. ಮಗು ತಾಯಿಯತ್ತ ನೋಡಿತು. ತಾಯಿ ಅಜ್ಜಿಯ ಮೂಟೆಯನ್ನು ಬಾಡಿಗೆ ಗಾಡಿಗೆ ಕಟ್ಟುತ್ತಿದ್ದಳು. ಗಂಟು ಬಿಗಿಯುವುದಕ್ಕೆ ಬಹಳ ಹೊತ್ತು ಹಿಡಿಯಿತು.

ತೇತ್ ದಿನ ಬೆಳಗ್ಗೆ ಹೊರಗೆ ಬಂದರೆ ದೊಡ್ಡ ರಸ್ತೆ ನಮ್ಮೂರಿನ ಕೆರೆ ಏರಿಯಂತೆ ಬಿದ್ದಿತ್ತು. ಹಳದಿ ಹೂವಿನ ಗಿಡಗಳು ಬಾಗಿಲು ಬಾಗಿಲಲ್ಲಿ ನಿಂತಿದ್ದವು, ನೋಡುವವರಿಲ್ಲ. ಯಾರ ಕೈಯನ್ನೂ ಹಿಡಿಯದೆ ರಸ್ತೆ ದಾಟಿ, ಮತ್ತೆ ದಾಟಿ ಬಂದೆ. ಗಲ್ಲಿಯಲ್ಲಿ ಹೊಗೆಯೆದ್ದ ಮನೆ ನಮ್ಮದೊಂದೇ. ಹೋಗಲು ಊರಿಲ್ಲದವರ ಮನೆ ಎಂದು ಯಾರಾದರೂ ಅಂದುಕೊಂಡಿದ್ದರೆ ಆಶ್ಚರ್ಯವಿಲ್ಲ.

ನಾವು ಹೊರಟದ್ದು ಫೆಬ್ರವರಿ ಐದಕ್ಕೆ. ಅಂದು ಬೆಳಗ್ಗೆ ಹುಡುಗಿ ಎಂದಿನಂತೆ ಫಿನ್ ತೆಗೆಯಲು ಕೈ ಚಾಚಿದವಳು, ಕೈ ಬದಲಿಸಿ ಅಕ್ಕನ ಫಿಲ್ಟರನ್ನು ತೆಗೆದಳು. ಪುಡಿ ಒತ್ತಿ ಬಿಸಿನೀರು ಹುಯ್ದು ಮೇಜಿನ ಮೇಲಿಟ್ಟಳು. ಮಗು ಎದುರಿಗೆ ಕುಳಿತು, ಬೆರಳಿಟ್ಟು, ಓದತೊಡಗಿತು.

“ತಾ... ಡ್ಯ. ತಾಡ್ಯ.” ಒಂದು ಗಳಿಗೆ ನಿಂತು, “ತಾತ, ಸೊನ್ನೆ ಎಲ್ಲಿ?”

ತಾಯಿ ಚಮಚ ಹಿಡಿದುಕೊಂಡೇ ಕುರ್ಚಿಯ ಮೇಲೆ ಕುಳಿತಳು. ಇಪ್ಪತ್ತೈದು ದಿನದಲ್ಲಿ ತಾಯಿಯ ಸುದ್ದಿ ಎತ್ತದಿದ್ದವಳು, ಆ ಕೊರೆದವನ ಕಥೆ ಹೇಳಿದಳು. ಅಜ್ಜಿ ಅವನನ್ನು ಬೈಯುತ್ತಿದ್ದ ಬೈಗುಳಗಳನ್ನು ಅದೇ ದನಿಯಲ್ಲಿ ಒಂದೊಂದಾಗಿ ಬೈದು ತೋರಿಸಿದಳು. ಮಗುವಿಗೆ ಅರ್ಧ ತಿಳಿಯಿತೋ ಇಲ್ಲವೋ, ಬಿದ್ದು ಬಿದ್ದು ನಕ್ಕಿತು. ಆಮೇಲೆ ಓಡಿಹೋಗಿ ತನ್ನ ಜಾಮಿಟ್ರಿ ಪೆಟ್ಟಿಗೆಯಿಂದ ಕೈವಾರ ತಂದಿತು. ನಾನು ಬೇಡವೆನ್ನುವುದರೊಳಗೆ ಅದರ ತಾಯಿ ಫಿಲ್ಟರನ್ನು ಎರಡೂ ಕೈಯಲ್ಲಿ ಅದುಮಿ ಹಿಡಿದಿದ್ದಳು. ಹಿತ್ತಾಳೆ ಗಟ್ಟಿ, ಮಗು ನಾಲಗೆ ಹೊರಚಾಚಿ ಒತ್ತಿ ಒತ್ತಿ ಕೊರೆಯಿತು. ಸೊನ್ನೆ ಅಕ್ಷರಕ್ಕಿಂತ ದೊಡ್ಡದಾಯಿತು, ಒಂದು ಮಗ್ಗುಲು ಮೊಟ್ಟೆಯಂತೆ ಉಬ್ಬಿಕೊಂಡಿತು. ಅಳಿಯಂದಿರು ಗಲ್ಲಿಯ ಬಾಯಿಗೆ ಟ್ಯಾಕ್ಸಿ ಬಂದಿದೆಯೆಂದು ಕೂಗಿದರು. ಡಿಕಾಕ್ಷನ್ ಇನ್ನೂ ಅರ್ಧ ಇಳಿದಿರಲಿಲ್ಲ. ಇಳಿಯಲಿ, ಐದು ನಿಮಿಷ ನಿಲ್ಲಲು ಹೇಳಿ ಎಂದಳು ನನ್ನಾಕೆ.